ಹಿಂದಿನ ಪೀಠದಿಂದ

ಲೇಖನಿ ಹಿಡಿದವರು ತಮ್ಮೊಬ್ಬರನ್ನೇ ‘ನಾವು’ ಎಂದು ಕರೆದುಕೊಳ್ಳುವ ವಾಡಿಕೆ ಬಹಳ ಹಳೆಯದು. ಉಪಾಧ್ಯಾಯರಿಗೂ ಅದು ಚೆನ್ನಾಗಿ ಒಗ್ಗುತ್ತದೆ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ತರಗತಿಯ ಮುಂದೆ ನಿಂತು, ‘ನಾವು ಹೇಳಿದ್ದನ್ನು ಬರೆದುಕೊಳ್ಳಿ’ ಎಂದು ಅಪ್ಪಣೆ ಮಾಡುತ್ತ ಬಂದ ನಮಗೆ, ಮನೆಯಲ್ಲಿಯೂ ಅದೇ ಮಾತು ನಾಲಿಗೆಗೆ ಅಂಟಿಕೊಂಡಿತ್ತು. ಆ ಬಹುವಚನದ ಹಿಂದೆ ನಿಂತಿರುವವನು ಒಬ್ಬನೇ ಮನುಷ್ಯನೆಂಬುದು ಮರೆತೇ ಹೋಗಿತ್ತು. ಸಂಸ್ಕೃತದಲ್ಲಿ ಏಕವಚನಕ್ಕೂ ಬಹುವಚನಕ್ಕೂ ನಡುವೆ ದ್ವಿವಚನವೆಂಬುದೊಂದು ಉಂಟು. ಇಬ್ಬರಿಗೆ ಮಾತ್ರ ಸಲ್ಲತಕ್ಕ ರೂಪ ಅದು. ‘ಆವಾಂ ಗಚ್ಛಾವಃ’ ಎಂದರೆ ‘ನಾವಿಬ್ಬರು ಹೋಗುತ್ತೇವೆ’ ಎಂದರ್ಥ. ಇದನ್ನು ಎಷ್ಟೋ ನೂರು ಮಂದಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು. ಅದರ ಅರ್ಥ ನಮ್ಮ ಅನುಭವಕ್ಕೆ ಬಂದದ್ದು ಮಾತ್ರ ಅರುವತ್ತು ತುಂಬಿದ ಮೇಲೆ; ಕಳೆದ ಮಾರ್ಗಶಿರದ ಒಂದು ಭಾನುವಾರ, ಯಲಹಂಕದಿಂದ ನಂದಿಯ ತಪ್ಪಲಿಗೆ ಹೋಗಿ ಬರುವ ಸುಮಾರು ೧೦೦ ಕಿಲೋಮೀಟರಿನ ದಾರಿಯಲ್ಲಿ, ಒಂದು ಜೋಡಿ ಸೈಕಲ್ಲಿನ ಹಿಂದಿನ ಪೀಠದ ಮೇಲೆ.

ಆ ಪೀಠಕ್ಕೆ ನಾವು ಹೇಗೆ ಬಂದೆವೆಂಬುದನ್ನು ಮೊದಲು ಹೇಳಬೇಕು. ನಮ್ಮ ಮನೆ ಯಲಹಂಕದ ಹಳೆಯ ಊರಿನಲ್ಲಿದೆ. ನಾವು ಕೆಲಸ ಮಾಡುತ್ತಿದ್ದ ಸರಕಾರಿ ಪ್ರೌಢಶಾಲೆ ಅಲ್ಲಿಂದ ೯ ಕಿಲೋಮೀಟರು, ದೊಡ್ಡಬಳ್ಳಾಪುರದ ರಸ್ತೆಯಲ್ಲಿ. ಕಪ್ಪು ಬಣ್ಣದ ಒಂದು ಅಟ್ಲಾಸ್ ಸೈಕಲ್ಲಿನ ಮೇಲೆ ದಿನವೂ ಹೋಗಿ ಬರುತ್ತಿದ್ದೆವು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಹ್ಯಾಂಡಲು. ನಿವೃತ್ತರಾಗುವ ಹೊತ್ತಿಗೆ ಒಮ್ಮೆ ಲೆಕ್ಕ ಹಾಕಿ ನೋಡಿದೆವು: ಲಕ್ಷ ಕಿಲೋಮೀಟರು ದಾಟಿತ್ತು. ಭೂಮಿಯ ಸುತ್ತಳತೆ ಸುಮಾರು ೪೦,೦೦೦ ಕಿಲೋಮೀಟರಾದ್ದರಿಂದ, ಯಲಹಂಕವನ್ನು ಬಿಡದೆಯೇ ಎರಡೂವರೆ ಬಾರಿ ಭೂಪ್ರದಕ್ಷಿಣೆ ಮಾಡಿದಂತಾಯಿತೆಂದು ಬೀಗಿಕೊಂಡೆವು.

ಆ ಬಿಗುಮಾನ ಬಹಳ ಕಾಲ ಉಳಿಯಲಿಲ್ಲ. ಒಂದು ಸಂಜೆ ಎಡಗಡೆಯಿಂದ ಬಂದ ಎಳನೀರಿನ ಗಾಡಿಗೆ ಹೋಗಿ ಗುದ್ದಿದೆವು. ಗಾಡಿಯವನನ್ನೇ ಗದರಿಸಿದೆವು, ಅವನು, ‘ಸ್ವಾಮಿ, ಗಾಡಿ ನಿಂತೇ ಇತ್ತಲ್ಲ’ ಎಂದ. ಒಂದು ತಿಂಗಳೊಳಗೆ, ಚೆಂಡನ್ನು ಹಿಡಿಯಲು ಅಡ್ಡ ಬಂದ ಹುಡುಗನೊಬ್ಬನು ನಮ್ಮ ಚಕ್ರದಿಂದ ಕೂದಲೆಳೆಯಷ್ಟರಲ್ಲಿ ಪಾರಾದನು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕಣ್ಣಿನ ವೈದ್ಯರು ಪರೀಕ್ಷಿಸಿ ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡವು ಸಾಮಾನ್ಯವಾಗಿ ಹೆಚ್ಚಿ, ನೋಟವನ್ನು ಮಿದುಳಿಗೆ ಮುಟ್ಟಿಸುವ ನರವು ಸದ್ದಿಲ್ಲದೆ ಸವೆಯುತ್ತದೆಯಂತೆ. ಮೊದಲು ಹೋಗುವುದು ಅಂಚಿನ ನೋಟ. ನಡುವಿನದು ಕೊನೆಯವರೆಗೂ ಉಳಿಯುವುದರಿಂದ ರೋಗಿಯು ಪುಸ್ತಕ ಓದುತ್ತ, ‘ನಮ್ಮ ಕಣ್ಣಿಗೇನಾಗಿದೆ?’ ಎಂದುಕೊಂಡಿರುತ್ತಾನೆ. ಹೋದದ್ದು ಮತ್ತೆ ಬರುವುದಿಲ್ಲ. ತೊಟ್ಟು ತೊಟ್ಟಾಗಿ ಹಾಕುವ ಔಷಧವು ಉಳಿದದ್ದನ್ನು ಕಾಯುತ್ತದೆ, ಅಷ್ಟೆ. ಮನೆತನದಲ್ಲಿ ಯಾರಿಗಾದರೂ ಈ ರೋಗವಿದ್ದರೆ, ನಲವತ್ತು ದಾಟಿದವರು ಒಮ್ಮೆ ಕಣ್ಣಿನ ಒತ್ತಡವನ್ನು ಅಳೆಯಿಸಿಕೊಳ್ಳಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ. ವೈದ್ಯರು ಕೊನೆಯಲ್ಲಿ, ‘ಸೈಕಲ್ ಬೇಡ, ಮೇಷ್ಟ್ರೇ’ ಎಂದರು. ಮನೆಗೆ ಬಂದು ಸೈಕಲ್ಲನ್ನು ಹಿತ್ತಲಿನ ಷೆಡ್ಡಿನಲ್ಲಿ ಗೋಡೆಗೆ ತೂಗುಹಾಕಿದೆವು. ಬಟ್ಟಗಣ್ಣಿನ ಪಟ್ಟಿ ಕಟ್ಟಿದ ಕುದುರೆಗೆ ಮುಂದಿನ ದಾರಿಯಷ್ಟೇ ಕಾಣುವಂತೆ ಪ್ರಪಂಚವೆಲ್ಲ ನಮಗೊಂದು ಓಣಿಯಾಯಿತು.

ಇನ್ನು ನಮ್ಮ ಮಗಳ ವಿಚಾರ. ಇದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. ಆದರೂ ಬರೆಯದಿದ್ದರೆ ಆ ದಿನದ ಅರ್ಥವೇ ಆಗದು.

೨೦೦೬-೦೭ರಲ್ಲಿ ನಮ್ಮ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯ ಹೆಣ್ಣುಮಕ್ಕಳು ದೂರದ ಕಾರಣದಿಂದ ಶಾಲೆ ಬಿಡಬಾರದೆಂಬುದು ಅದರ ಮುಖ್ಯ ಉದ್ದೇಶ. ನಮ್ಮ ಶಾಲೆಗೂ ಸೈಕಲ್ಲುಗಳು ಬಂದವು. ಸೈಕಲ್ಲಿನ ಮೇಷ್ಟ್ರೆಂದು ಹೆಸರಾಗಿದ್ದ ನಮಗೆ ಅವುಗಳ ಉಸ್ತುವಾರಿ ಬಿತ್ತು. ಶನಿವಾರ ಮಧ್ಯಾಹ್ನಗಳಲ್ಲಿ ಶಾಲೆಯ ಬಯಲಿನಲ್ಲಿ ಹುಡುಗಿಯರನ್ನು ಹತ್ತಿಸಿ, ಸೀಟನ್ನು ಹಿಡಿದು ಹಿಂದೆ ಓಡುತ್ತ, ‘ಚಕ್ರ ನೋಡಬೇಡ, ಮುಂದೆ ದೂರ ನೋಡು, ನಾವು ಹಿಡಿದಿದ್ದೇವೆ, ಭಯಪಡಬೇಡ’ ಎಂದು ಕೂಗಿ ಕೂಗಿ ಕಲಿಸಿದೆವು. ಹೆಣ್ಣುಮಕ್ಕಳು ಕಾಲ ಮೇಲೆ ನಿಲ್ಲುವ ಮೊದಲು ಚಕ್ರದ ಮೇಲೆ ನಿಲ್ಲಬೇಕೆಂದು ಪೋಷಕರ ಸಭೆಯಲ್ಲಿ ಭಾಷಣವನ್ನೂ ಮಾಡಿದೆವು.

ಅದೇ ವರ್ಷ ನಮ್ಮ ಮಗಳಿಗೂ ಎಂಟನೆಯ ತರಗತಿ. ಅವಳು ಓದುತ್ತಿದ್ದುದು ಬಳ್ಳಾರಿ ರಸ್ತೆಯ ಆಚೆಗಿನ ಒಂದು ಖಾಸಗಿ ಶಾಲೆಯಲ್ಲಾದ್ದರಿಂದ ಸರಕಾರದ ಸೈಕಲ್ಲು ಬರುವಂತಿರಲಿಲ್ಲ. ಒಂದು ಸಂಜೆ ಊಟಕ್ಕೆ ಕುಳಿತಾಗ, ‘ಅಪ್ಪಾ, ನನಗೊಂದು ಸೈಕಲ್ ಕೊಡಿಸಿ’ ಎಂದಳು. ಆಗ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಕಟ್ಟುತ್ತಿದ್ದ ಕಾಲ; ರಸ್ತೆಯ ತುಂಬ ಮಣ್ಣಿನ ಲಾರಿಗಳು. ನಮಗೆ ಹೆದರಿಕೆ ಇದ್ದದ್ದು ಸುಳ್ಳಲ್ಲ. ಆದರೆ ಬೀದಿಯವರು ಏನೆಂದಾರೆಂಬುದೂ ಆ ಹೆದರಿಕೆಯೊಳಗೆ ಸೇರಿಕೊಂಡಿತ್ತೆಂಬುದನ್ನು ಇಂದು ಮುಚ್ಚಿಡುವುದೇಕೆ? ‘ನಮ್ಮ ಮನೆಯಲ್ಲಿ ಅದೆಲ್ಲ ಬೇಡ, ಬಸ್ಸಿನಲ್ಲಿ ಹೋಗು’ ಎಂದೆವು. ಅವಳು ಎರಡನೆಯ ಸಲ ಕೇಳಲಿಲ್ಲ. ಮಕ್ಕಳು ಎರಡನೆಯ ಸಲ ಕೇಳದಿರುವುದನ್ನು ತಂದೆಯರು ವಿಧೇಯತೆಯೆಂದು ತಿಳಿಯುತ್ತಾರೆ.

ಆಕೆ ಓದಿದಳು, ಹೆಬ್ಬಾಳದ ಬಳಿ ಉದ್ಯೋಗಕ್ಕೆ ಸೇರಿದಳು. ತನ್ನ ಸಂಬಳದಲ್ಲಿ ತಾನೇ ಸೈಕಲ್ ಕೊಂಡು, ಭಾನುವಾರಗಳಲ್ಲಿ ಗೆಳತಿಯರೊಡನೆ ನಂದಿಬೆಟ್ಟ ಹತ್ತಿ ಇಳಿದು ಬರತೊಡಗಿದಳು. ನಾವು ನೋಡಿಯೂ ನೋಡದವರಂತೆ ಇದ್ದೆವು. ಹೀಗಿರಲು ಕಳೆದ ಕಾರ್ತಿಕದಲ್ಲಿ ಒಂದು ದಿನ ಅವಳು ಅಂಗಳಕ್ಕೆ ತಂದು ನಿಲ್ಲಿಸಿದ ವಾಹನವನ್ನು ಕಂಡು ಬೀದಿಯ ಮಕ್ಕಳೆಲ್ಲ ಕೂಡಿದರು. ಎರಡು ಚಕ್ರ, ಎರಡು ಪೀಠ, ಎರಡು ಜೊತೆ ಪೆಡಲು; ಗೆಳತಿಯೊಬ್ಬಳಿಂದ ಎರವಲು ತಂದದ್ದು. ‘ಅಪ್ಪಾ, ಮುಂದಿನ ಸೀಟು ನನ್ನದು, ಹಿಂದಿನದು ನಿಮ್ಮದು. ನೋಡುವ ಕೆಲಸ ನನಗಿರಲಿ. ತುಳಿಯಲು ನಿಮ್ಮ ಕಾಲಿಗೇನಾಗಿದೆ?’ ಎಂದಳು. ನಮಗೆ ತಟ್ಟನೆ ನೆನಪಾದದ್ದು ಪಂಗ್ವಂಧನ್ಯಾಯ. ಕುಂಟನನ್ನು ಹೆಗಲಿಗೇರಿಸಿಕೊಂಡ ಕುರುಡನು ಅವನು ತೋರಿಸಿದ ದಾರಿಯಲ್ಲಿ ನಡೆದು, ಇಬ್ಬರೂ ಊರು ಸೇರುವ ಆ ದೃಷ್ಟಾಂತವನ್ನು ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಪ್ರಕೃತಿಪುರುಷರ ಸಂಬಂಧಕ್ಕೆ ಹೇಳಿದ್ದಾನೆ. ಅದು ನಮ್ಮ ಅಂಗಳಕ್ಕೇ ಬಂದು ನಿಂತೀತೆಂದು ಯಾರು ಬಲ್ಲರು!

ನಮ್ಮ ಮನೆಯವರು, ‘ಈ ವಯಸ್ಸಿನಲ್ಲಿ ಕೈಕಾಲು ಮುರಿದುಕೊಂಡರೆ ಉಪಚಾರ ಮಾಡುವವಳು ನಾನೇ’ ಎಂದು ಗೊಣಗಿದರು. ಆದರೆ ಶಿರಸ್ತ್ರಾಣವನ್ನು ತಂದು ನಮ್ಮ ತಲೆಗೆ ಕಟ್ಟಿದವರೂ ಅವರೇ. ‘ಬಯಲಾಟದ ಪಾತ್ರದ ಹಾಗಿದ್ದೀರಿ’ ಎಂದು ನಕ್ಕರು.

ಈ ವಾಹನಕ್ಕೆ ಇಂಗ್ಲಿಷಿನವರು ಟ್ಯಾಂಡಮ್ ಎನ್ನುತ್ತಾರೆ. ಆ ಶಬ್ದದ ಹುಟ್ಟು ವಿನೋದವಾದದ್ದು. ಲ್ಯಾಟಿನ್ ಭಾಷೆಯಲ್ಲಿ ‘ಟ್ಯಾಂಡಮ್’ ಎಂದರೆ ‘ಕೊನೆಗೂ, ಬಹುಕಾಲದ ಮೇಲೆ’ ಎಂದರ್ಥ. ಕಾಲದ ಉದ್ದವನ್ನು ಹೇಳುವ ಮಾತನ್ನು ಯಾರೋ ವಿನೋದಗಾರರು ಹದಿನೆಂಟನೆಯ ಶತಮಾನದಲ್ಲಿ, ಒಂದರ ಹಿಂದೊಂದು ಉದ್ದಕ್ಕೆ ಕುದುರೆ ಹೂಡಿದ ಗಾಡಿಗೆ ಹಚ್ಚಿದರು. ಗಾಡಿಯಿಂದ ಅದು ಸೈಕಲ್ಲಿಗೆ ಬಂತು. ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗಳ ಸಂಘವು ೧೮೭೮ರಲ್ಲಿಯೇ ಸ್ಥಾಪಿತವಾಗಿತ್ತು. ಅಲ್ಲಿನ ಹಳ್ಳಿದಾರಿಗಳಲ್ಲಿ ದಂಪತಿಗಳು ಜೋಡಿ ಸೈಕಲ್ಲಿನ ಮೇಲೆ ದಿನವೆಲ್ಲ ತಿರುಗುವುದು ಒಂದು ಕಾಲಕ್ಕೆ ದೊಡ್ಡ ಹವ್ಯಾಸ. ೧೮೯೨ರಲ್ಲಿ ಹ್ಯಾರಿ ಡೇಕರ್ ಎಂಬವನು ಕಟ್ಟಿದ ‘ಡೈಸಿ ಬೆಲ್’ ಎಂಬ ಹಾಡಿನ ನಾಯಕನು ಬಡವ. ಮದುವೆಗೆ ಸಾರೋಟು ತರಲಾರೆ, ಜೋಡಿ ಸೈಕಲ್ಲು ತರಬಲ್ಲೆನೆನ್ನುತ್ತಾನೆ. ಒಲಿಂಪಿಕ್ ಪಂದ್ಯಗಳಲ್ಲಿ ೧೯೭೨ರವರೆಗೆ ಈ ಸೈಕಲ್ಲಿನ ಸ್ಪರ್ಧೆ ಇತ್ತು. ಈಗ ಅದು ಪ್ಯಾರಾಲಿಂಪಿಕ್ಸಿನಲ್ಲಿ ಉಳಿದಿದೆ; ಕಣ್ಣುಳ್ಳವರು ಮುಂದೆ, ದೃಷ್ಟಿಹೀನರು ಹಿಂದೆ. ಇದನ್ನು ಮಗಳಿಂದ ತಿಳಿದ ಮೇಲೆ ನಮ್ಮ ಸಂಕೋಚ ಅರ್ಧ ಇಳಿಯಿತು.

ಉಳಿದ ಅರ್ಧ ಅಭ್ಯಾಸದಲ್ಲಿ ಇಳಿಯಬೇಕಾಗಿತ್ತು. ಈ ವಾಹನದಲ್ಲಿ ಎರಡು ಚೈನುಗಳು. ಒಂದು ಹಿಂದಿನ ಪೆಡಲಿನಿಂದ ಹಿಂದಿನ ಚಕ್ರಕ್ಕೆ. ಇನ್ನೊಂದು ಮುಂದಿನ ಪೆಡಲನ್ನೂ ಹಿಂದಿನದನ್ನೂ ಒಂದಕ್ಕೊಂದು ಬಿಗಿಯುತ್ತದೆ. ಆದ್ದರಿಂದ ಇಬ್ಬರ ಕಾಲೂ ಒಟ್ಟಿಗೆ ತಿರುಗಬೇಕು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರಿಗೂ ಪೆಟ್ಟು. ಹ್ಯಾಂಡಲಿನ ತಿರುವು, ಬ್ರೇಕು, ಗೇರು ಎಲ್ಲವೂ ಮುಂದಿನವರ ವಶ. ಹಿಂದಿನವರಿಗೂ ಹಿಡಿಯಲು ಒಂದು ಹ್ಯಾಂಡಲುಂಟು. ಆದರೆ ಅದು ತಿರುಗುವುದಿಲ್ಲ. ನಮ್ಮಂಥವರಿಗೆ ಕೈಗೊಂದು ಸಮಾಧಾನವಿರಲೆಂದು ಇಟ್ಟಿದ್ದಾರೆ. ಮುಂದಿನವರಿಗೆ ಕ್ಯಾಪ್ಟನ್ ಎಂದು ಹೆಸರು. ಹಿಂದಿನವರಿಗೆ ಸ್ಟೋಕರ್, ಎಂದರೆ ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವವನು! ಹದಿನೈದು ದಿನ ಮುಂಜಾನೆ ನಮ್ಮ ಬಡಾವಣೆಯ ಬೀದಿಗಳಲ್ಲಿ ಸುತ್ತಿದೆವು. ಎರಡು ಸಲ ಬಿದ್ದೆವು. ಎರಡು ಸಲವೂ ತಪ್ಪು ಸ್ಟೋಕರನದೆಂದು ಕ್ಯಾಪ್ಟನರ ತೀರ್ಪಾಯಿತು.

ಆ ಭಾನುವಾರ ಬೆಳಗಿನ ಐದು ಗಂಟೆಗೆ ಹೊರಟೆವು. ಷರಾಯಿಯ ಕಾಲಿಗೆ ಕ್ಲಿಪ್ಪು, ಕಿವಿಗೆ ಮಫ್ಲರು, ಚೀಲದಲ್ಲಿ ಔಷಧದ ಸೀಸೆ, ಎರಡು ಬಾಟಲಿ ನೀರು. ಚಳಿ ಮುಖಕ್ಕೆ ಚುಚ್ಚುತ್ತಿತ್ತು. ರಾಜಾನುಕುಂಟೆಯ ಕಡೆಗೆ ತಿರುಗಿದ ಮೇಲೆ ದಾರಿ ನಮ್ಮ ಹಳೆಯ ದಾರಿಯೇ. ಕಾಣದಿದ್ದರೇನು? ಇಲ್ಲಿ ಕೆರೆಯ ತಂಪು, ಇಲ್ಲಿ ನೀಲಗಿರಿ ತೋಪಿನ ವಾಸನೆ ಎಂದು ಮೈಗೆ ತಿಳಿಯುತ್ತಿತ್ತು. ನಮ್ಮ ಶಾಲೆಯ ಗೇಟು ಬಂದಾಗ ಮಗಳು ಕೇಳದೆಯೇ ವೇಗ ತಗ್ಗಿಸಿದಳು. ಕತ್ತಲಲ್ಲಿ ಏನೂ ಕಾಣಲಿಲ್ಲ. ಆದರೂ ಕೈ ತಾನಾಗಿ ಹಣೆಗೆ ಹೋಯಿತು.

ಸಮತಟ್ಟಾದ ದಾರಿಯಲ್ಲಿ ಈ ವಾಹನದ ವೇಗ ಆಶ್ಚರ್ಯಕರ. ಗಾಳಿಯನ್ನು ಸೀಳುವುದು ಒಂದೇ ದೇಹ, ತುಳಿಯುವ ಕಾಲು ನಾಲ್ಕು. ಹಿಂದಿನವರು ಮುಂದಿನವರ ಮರೆಯಲ್ಲಿ ಕುಳಿತಿರುತ್ತಾರೆ. ಇಳಿಜಾರಿನಲ್ಲಿ ಇಬ್ಬರ ಭಾರವೂ ಕೂಡಿ ರಭಸ ಮತ್ತಷ್ಟು. ಏರಿನಲ್ಲಿ ಮಾತ್ರ ಆ ಭಾರವೇ ಶತ್ರುವಾಗುತ್ತದೆ. ದೊಡ್ಡಬಳ್ಳಾಪುರಕ್ಕೆ ಬರುವಾಗ ಬೆಳಕು ಹರಿದು, ನೇಕಾರರ ಬೀದಿಗಳಿಂದ ಮಗ್ಗದ ಸದ್ದು ಕೇಳುತ್ತಿತ್ತು. ಸದ್ದಿನ ಲಯಕ್ಕೂ ನಮ್ಮ ಕಾಲಿನ ಲಯಕ್ಕೂ ಹೊಂದಿಕೆಯಾಯಿತೆಂದು ನಮಗನ್ನಿಸಿತು. ಹೋಟೆಲೊಂದರಲ್ಲಿ ಇಡ್ಲಿ, ಅವರೆಬೇಳೆಯ ಉಪ್ಪಿಟ್ಟು, ಕಾಫಿ. ಮಾಣಿಯು ಹೊರಗೆ ನಿಂತ ಸೈಕಲ್ಲನ್ನೂ ನಮ್ಮಿಬ್ಬರನ್ನೂ ನೋಡಿ, ‘ಅಜ್ಜಾವ್ರೇ, ನೀವು ಹಿಂದೆ ಸುಮ್ನೆ ಕೂತಿರ್ತೀರಾ?’ ಎಂದು ಕೇಳಿದನು. ನಾವು ಉತ್ತರ ಹೇಳುವ ಮೊದಲೇ ಮಗಳು, ‘ಇಲ್ಲಪ್ಪ, ಇಂಜಿನ್ ಅವರೇ’ ಎಂದಳು. ಇನ್ನೊಂದು ಲೋಟ ಕಾಫಿ ತರಹೇಳಿದೆವು.

ಅಲ್ಲಿಂದ ನಂದಿಯ ಕಡೆಗೆ ತಿರುಗಿದೆವು. ರಾಗಿಯ ಕೊಯ್ಲಿನ ಕಾಲ. ನಮ್ಮ ಸೀಮೆಯ ರೈತರು ಕಣದ ಬದಲು ರಸ್ತೆಯ ಮೇಲೆಯೇ ತೆನೆ ಹರಡಿ, ಹೋಗುವ ಬರುವ ಗಾಡಿಗಳಿಂದ ಒಕ್ಕಣೆ ಮಾಡಿಸಿಕೊಳ್ಳುವುದುಂಟು. ಹುಲ್ಲಿನ ಮೇಲೆ ಸೈಕಲ್ಲಿನ ಚಕ್ರ ಜಾರುತ್ತದೆ. ಮುಂದೆ ಅಂಥದೊಂದು ಹಾಸು ಬಂದಾಗ ಮಗಳು ಬಲಕ್ಕೆ ಸರಿದಳು. ನಮ್ಮ ಓಣಿಗಣ್ಣಿಗೆ ಬಲಗಡೆಯಲ್ಲಿ ಏನೋ ಕಪ್ಪಾಗಿ ಕಂಡು, ಹಳೆಯ ಅಭ್ಯಾಸದಂತೆ, ‘ಎಡಕ್ಕೆ! ಎಡಕ್ಕೆ!’ ಎಂದು ಕೂಗಿ, ಮೈಯನ್ನೂ ಎಡಕ್ಕೆ ವಾಲಿಸಿದೆವು. ಸೈಕಲ್ಲು ಹುಲ್ಲಿನ ಮೇಲೆ ಹಾವಿನಂತೆ ಹೊರಳಿತು. ಅವಳು ಹೇಗೋ ನಿಲ್ಲಿಸಿ, ಕಾಲೂರಿ, ಒಂದು ನಿಮಿಷ ಮಾತಾಡಲಿಲ್ಲ. ಕಪ್ಪಾಗಿ ಕಂಡದ್ದು ಮರದ ನೆರಳು.

‘ಅಪ್ಪಾ,’ ಎಂದಳು ತಿರುಗದೆಯೇ, ‘ಈ ಗಾಡಿಯಲ್ಲಿ ಇಬ್ಬರು ಮೇಷ್ಟ್ರಿಗೆ ಜಾಗವಿಲ್ಲ. ನನ್ನನ್ನು ನಂಬಲಾಗದಿದ್ದರೆ ಹೇಳಿ, ಇಲ್ಲಿಂದಲೇ ಬಸ್ಸಿಗೆ ಹೋಗೋಣ.’

ಬಸ್ಸಿಗೆ ಎಂಬ ಆ ಮಾತು ಅವಳ ಬಾಯಿಂದ ಸಹಜವಾಗಿ ಬಂದದ್ದೇ ಇರಬಹುದು. ನಮಗೆ ಮಾತ್ರ ಹತ್ತೊಂಬತ್ತು ವರ್ಷದ ಹಿಂದಿನ ಊಟದ ಮನೆಯಿಂದ ಬಂದಂತೆ ಕೇಳಿಸಿತು. ‘ಇಲ್ಲಮ್ಮ, ನೀನು ನಡೆಸು’ ಎಂದೆವು. ಅಲ್ಲಿಂದ ಮುಂದೆ ಒಂದು ನೇಮ ಮಾಡಿಕೊಂಡೆವು: ಅವಳು ‘ಹಳ್ಳ’ ಎಂದರೆ ಪೀಠದಿಂದ ಮೈ ಎತ್ತುವುದು, ‘ಉಬ್ಬು’ ಎಂದರೆ ತುಳಿಯುವುದನ್ನು ನಿಲ್ಲಿಸುವುದು, ‘ಏರು’ ಎಂದರೆ ಉಸಿರು ಕಟ್ಟಿ ತುಳಿಯುವುದು, ಉಳಿದಂತೆ ಬಾಯಿ ಮುಚ್ಚಿಕೊಂಡಿರುವುದು. ಜೀವಮಾನವೆಲ್ಲ ಇತರರಿಗೆ ವಿಧಿಸಿದ ಶಿಸ್ತು ಇದೇ ಅಲ್ಲವೇ? ಅದು ಇಷ್ಟು ಕಷ್ಟವೆಂದು ನಮಗೆ ತಿಳಿದಿರಲಿಲ್ಲ.

ಬಾಯಿ ಮುಚ್ಚಿದ ಮೇಲೆ ಕಣ್ಣು ತೆರೆಯಿತು. ಹಿಂದಿನ ಪೀಠದಿಂದ ಎದುರಿಗೆ ಕಾಣುವುದು ಒಂದೇ, ಮುಂದಿನವರ ಬೆನ್ನು. ತರಗತಿಯಲ್ಲಿ ನಾವು ನೋಡಿದ್ದೆಲ್ಲ ಮುಖಗಳನ್ನು. ಮಗಳ ಬೆನ್ನನ್ನು ನೋಡಿದ್ದು ಅವಳು ಶಾಲೆಗೆ, ಕೆಲಸಕ್ಕೆ ಹೊರಟು ಬಾಗಿಲು ದಾಟಿದಾಗ ಮಾತ್ರ. ಈಗ ಆ ಬೆನ್ನು ಒಂದು ಮೊಳದ ದೂರದಲ್ಲಿ, ಏರು ಬಂದಾಗ ಬಾಗಿ, ಇಳಿಜಾರು ಬಂದಾಗ ನೆಟ್ಟಗಾಗಿ, ದಿನವೆಲ್ಲ ನಮ್ಮ ಮುಂದಿತ್ತು. ಶಿರಸ್ತ್ರಾಣದ ಕೆಳಗೆ ಜಡೆಯಲ್ಲಿ ಎರಡು ಬಿಳಿಯ ಕೂದಲು ಕಂಡವು. ಹದಿಮೂರರ ಹುಡುಗಿಯೆಂದೇ ಮನಸ್ಸಿನಲ್ಲಿಟ್ಟುಕೊಂಡಿದ್ದವಳಿಗೆ ಮೂವತ್ತೆರಡು ತುಂಬಿತ್ತು.

ನಂದಿಬೆಟ್ಟವನ್ನು ಎಡಕ್ಕೆ ಬಿಟ್ಟು ತಪ್ಪಲಿನಲ್ಲೇ ಸಾಗಿದೆವು. ಸಮುದ್ರಮಟ್ಟದಿಂದ ೧,೪೭೮ ಮೀಟರು ಎತ್ತರದ ಆ ಬೆಟ್ಟದ ತಲೆ ಮಂಜಿನಲ್ಲಿ ಹುದುಗಿತ್ತು. ಹತ್ತುವ ಆಸೆ ನಮಗೆ ಇತ್ತು. ಆದರೆ ಇಬ್ಬರ ಭಾರದೊಡನೆ ಆ ತಿರುವುಗಳಲ್ಲಿ ಇಳಿಯುವಾಗ ಬ್ರೇಕು ಹಿಡಿದು ಹಿಡಿದು ಚಕ್ರದ ರಿಮ್ಮು ಕಾದುಹೋಗುತ್ತದೆಂದು ಕ್ಯಾಪ್ಟನರು ಅನುಮತಿ ಕೊಡಲಿಲ್ಲ. ಬೇಲಿಯ ಸಾಲಿನಲ್ಲಿ ಎಕ್ಕದ ಗಿಡಗಳು ಹೂಬಿಟ್ಟಿದ್ದವು. ಎಕ್ಕವನ್ನು ಕಂಡಾಗಲೆಲ್ಲ ನಮಗೆ ಆದಿಪರ್ವದ ಉಪಮನ್ಯುವಿನ ನೆನಪು. ಗುರುವಾದ ಧೌಮ್ಯನು ಒಂದೊಂದಾಗಿ ಆಹಾರವನ್ನೆಲ್ಲ ನಿಷೇಧಿಸಲು, ಹಸಿವು ತಾಳಲಾರದೆ ಎಕ್ಕದ ಎಲೆ ತಿಂದು ಕುರುಡಾಗಿ ಬಾವಿಗೆ ಬಿದ್ದ ಶಿಷ್ಯ ಅವನು. ಅಶ್ವಿನೀದೇವತೆಗಳನ್ನು ಸ್ತುತಿಸಲು ಕಣ್ಣು ಮರಳಿತು. ಆ ದೇವತೆಗಳು ಅವಳಿಜವಳಿ. ವೇದದಲ್ಲಿ ಅವರ ಹೆಸರು ಬರುವುದು ದ್ವಿವಚನದಲ್ಲಿ. ಈ ಕಥೆಯನ್ನು ಗುರುಭಕ್ತಿಗೆ ನಿದರ್ಶನವಾಗಿ ಎಷ್ಟೋ ಬಾರಿ ಹೇಳಿದ್ದೆವು. ‘ಬೇಡ’ ಎಂಬ ಗುರುವಿನ ಮಾತಿನಿಂದಲೇ ಶಿಷ್ಯನು ಬಾವಿಗೆ ಬಿದ್ದನೆಂಬುದು ನಮ್ಮ ಲಕ್ಷ್ಯಕ್ಕೆ ಬಂದದ್ದು ಆ ಬೆಳಗಿನಲ್ಲಿ.

ನಂದಿಗ್ರಾಮದ ಭೋಗನಂದೀಶ್ವರನ ಸನ್ನಿಧಿಯಲ್ಲಿ ಇಳಿದೆವು. ಒಂಬತ್ತನೆಯ ಶತಮಾನದಷ್ಟು ಹಳೆಯ ಮೂಲವುಳ್ಳ ಆ ಕ್ಷೇತ್ರದಲ್ಲಿ ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ಗುಡಿಗಳು ಪಕ್ಕಪಕ್ಕದಲ್ಲಿ ಒಂದೇ ಎತ್ತರಕ್ಕೆ ನಿಂತಿವೆ. ನಡುವೆ ಚಿಕ್ಕದೊಂದು ಉಮಾಮಹೇಶ್ವರನ ಗುಡಿ. ಮಂಟಪದ ಕರಿಯ ಕಲ್ಲಿನ ಕಂಬಗಳ ಕೆತ್ತನೆ ನಮ್ಮ ಕಣ್ಣಿಗೆ ಪೂರ್ತಿ ದಕ್ಕಲಿಲ್ಲ. ಬೆರಳಿನಿಂದ ಸವರಿ ನೋಡಿದೆವು. ಬಳ್ಳಿಯ ಸುರುಳಿ, ಗಿಳಿಯ ಕೊಕ್ಕು. ‘ಇದೇನು ಹೇಳು’ ಎಂದು ಅವಳು ನಮ್ಮ ಬೆರಳನ್ನು ಒಂದೊಂದು ಕಡೆಗೆ ಒಯ್ದು ಕೇಳಿದಳು. ಅವಳ ಮೂರನೆಯ ವಯಸ್ಸಿನಲ್ಲಿ ಅಕ್ಷರ ತಿದ್ದಿಸಲು ನಾವು ಹಿಡಿದದ್ದು ಹಾಗೆಯೇ. ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು, ಬುತ್ತಿಯ ಚಪಾತಿ ತಿಂದು, ಹೊತ್ತಿಗೆ ಸರಿಯಾಗಿ ಔಷಧವನ್ನು ಅವಳೇ ನಮ್ಮ ಕಣ್ಣಿಗೆ ಬಿಟ್ಟಳು.

ನಂದಿ ಹಾಲ್ಟಿನ ಹಳೆಯ ರೈಲು ನಿಲ್ದಾಣದ ಬಳಿ ಒಂದು ಗಳಿಗೆ ನಿಂತೆವು. ನಾವು ಹುಡುಗರಾಗಿದ್ದಾಗ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಓಡುತ್ತಿದ್ದುದು ಕಿರುಹಳಿಯ ಪುಟ್ಟ ರೈಲು. ತಂದೆಯವರು ಇಂಜಿನ್ನಿನ ಬಳಿಗೆ ಕರೆದೊಯ್ದು ತೋರಿಸಿದಾಗ, ಒಬ್ಬನು ಹೊರಗೆ ತಲೆ ಹಾಕಿ ದಾರಿ ನೋಡುತ್ತಿದ್ದ. ಇನ್ನೊಬ್ಬನು ಬೆವರು ಸುರಿಸುತ್ತ ಒಲೆಗೆ ಕಲ್ಲಿದ್ದಲು ಎಸೆಯುತ್ತಿದ್ದ. ದಾರಿ ನೋಡುವವನಾಗಬೇಕೆಂದು ಅಂದು ಬಯಸಿದ್ದೆವು. ಕಲ್ಲಿದ್ದಲಿನವನಿಲ್ಲದೆ ದಾರಿ ನೋಡುವವನು ನಿಂತಲ್ಲೇ ನಿಲ್ಲುತ್ತಾನೆಂಬುದು ಹುಡುಗರಿಗೆ ಹೊಳೆಯುವ ಮಾತಲ್ಲ.

ಮುದ್ದೇನಹಳ್ಳಿಯಲ್ಲಿ ೧೮೬೦ರಲ್ಲಿ ಜನಿಸಿದ ವಿಶ್ವೇಶ್ವರಯ್ಯನವರ ಸಮಾಧಿಗೆ ನಮಸ್ಕರಿಸಿ ಮುಂದೆ ಬಂದಿರಲಿಲ್ಲ, ಚೈನು ಕಳಚಿಕೊಂಡಿತು. ಎರಡು ಪೆಡಲುಗಳನ್ನು ಜೋಡಿಸುವ ಚೈನೇ ಅದು. ಮಗಳು ಬಗ್ಗಿ ಪ್ರಯತ್ನಿಸಿದಳು. ಹಲ್ಲಿಗೆ ಕೂರಿಸಿದರೂ ಇಬ್ಬರ ಪೆಡಲುಗಳ ಮಟ್ಟ ಸೇರಲೊಲ್ಲದು. ‘ಸರಿ’ ಎಂದು ನಾವು ಮಣ್ಣಿನ ಮೇಲೆ ಕುಳಿತೆವು. ಚೈನು ಹಾಕುವುದು ಕಣ್ಣಿನ ಕೆಲಸವಲ್ಲ, ಬೆರಳಿನ ಕೆಲಸ. ಲಕ್ಷ ಕಿಲೋಮೀಟರಿನಲ್ಲಿ ಎಷ್ಟು ಸಲ ಹಾಕಿಲ್ಲ! ಮುಂದಿನ ಪೆಡಲನ್ನು ಅವಳು ನೇರವಾಗಿ ಹಿಡಿದುಕೊಂಡಳು. ಹಿಂದಿನದನ್ನು ಅದೇ ಮಟ್ಟಕ್ಕೆ ತಂದು, ಒಂದೊಂದೇ ಹಲ್ಲು ಎಣಿಸಿ ಕೂರಿಸಿದೆವು. ಕಪ್ಪು ಎಣ್ಣೆ ಹತ್ತಿದ ಕೈಯನ್ನು ನೋಡಿ, ‘ಈ ಕೈ ಅಟ್ಲಾಸಿನದೇ’ ಎಂದು ಅವಳು ನಕ್ಕಳು. ಬಹುದಿನಗಳ ಮೇಲೆ ನಾವು ಯಾರಿಗಾದರೂ ಉಪಯೋಗಕ್ಕೆ ಬಂದೆವೆಂಬ ತೃಪ್ತಿ ನಮಗಾಯಿತು.

ಚಿಕ್ಕಬಳ್ಳಾಪುರದಿಂದ ಹಿಂದಿರುಗುವ ದಾರಿ ಹೆದ್ದಾರಿಯದು. ಬಿಸಿಲೇರಿತ್ತು, ಎದುರುಗಾಳಿ. ದ್ರಾಕ್ಷಿಯ ಚಪ್ಪರಗಳು, ಹ್ಯಾಂಡಲಿಗೆ ಬಂದು ತಾಗುವಂತೆ ರೊಯ್ಯನೆ ಹಾಯುವ ಕಾರುಗಳು. ಕೆಂಪೇಗೌಡರ ಪೂರ್ವಿಕರ ನೆಲೆಯಾದ ಆವತಿಯ ಬಳಿ ನಮ್ಮ ತೊಡೆಗಳು ಕಲ್ಲಾದವು. ದೇವನಹಳ್ಳಿಯಲ್ಲಿ, ಆ ಊರಿಗೇ ಹೆಸರು ತಂದ ಚಕ್ಕೋತದ ಹಣ್ಣೊಂದನ್ನು ಸುಲಿಸಿ, ಉಪ್ಪು ಖಾರ ಹಚ್ಚಿ ತಿಂದ ಮೇಲೆ ಜೀವ ಬಂತು. ಅಲ್ಲಿಂದ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆ ಹಿಡಿದೆವು. ೨೦೦೮ರ ಮೇ ತಿಂಗಳಲ್ಲಿ ತೆರೆದ ವಿಮಾನ ನಿಲ್ದಾಣದಿಂದ ವಿಮಾನವೊಂದು ತಲೆಯ ಮೇಲೆಯೇ ಎದ್ದುಹೋಯಿತು. ಯಾವ ರಸ್ತೆಯ ನೆಪ ಹೇಳಿ ಅವಳಿಗೆ ಸೈಕಲ್ ಬೇಡವೆಂದಿದ್ದೆವೋ ಅದೇ ರಸ್ತೆಯಲ್ಲಿ, ಅವಳ ಕೈಯ ಹಿಡಿತಕ್ಕೆ ಪ್ರಾಣವನ್ನು ಒಪ್ಪಿಸಿ ಹೋಗುತ್ತಿದ್ದೆವು.

ಮುಖ ನೋಡಿ ಆಡಲಾರದ ಮಾತನ್ನು ಬೆನ್ನಿಗೆ ಆಡಬಹುದು. ತಪ್ಪೊಪ್ಪಿಕೊಳ್ಳುವಾಗ ಬಹುವಚನವೂ ಸಲ್ಲದು. ‘ಮಗೂ, ಆ ವರ್ಷ ನಿನಗೆ ಸೈಕಲ್ ಕೊಡಿಸದೆ ಹೋದೆನಲ್ಲ, ಅದು ನನ್ನ ತಪ್ಪು. ಲಾರಿಗಳಿಗೆ ಹೆದರಿದ್ದು ನಿಜ. ಜನಕ್ಕೆ ಹೆದರಿದ್ದೂ ನಿಜ’ ಎಂದೆವು.

ಅವಳು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ಏರು’ ಎಂದಳು. ಉಸಿರು ಕಟ್ಟಿ ತುಳಿದೆವು. ಏರು ಮುಗಿದು ಸೈಕಲ್ಲು ತಾನಾಗಿ ಉರುಳತೊಡಗಿದಾಗ ಅವಳೇ ಮಾತು ತೆಗೆದಳು.

‘ನನಗೆ ಬಹಳ ಸಿಟ್ಟಿತ್ತಪ್ಪಾ. ಎಷ್ಟೋ ವರ್ಷ ಇತ್ತು. ಆ ಶನಿವಾರಗಳಲ್ಲಿ ಅಮ್ಮನ ಜೊತೆ ನಿಮ್ಮ ಶಾಲೆಯ ಕಡೆ ಬಂದಾಗ ಕಾಂಪೌಂಡಿನ ಹೊರಗೆ ನಿಂತು ನೋಡ್ತಿದ್ದೆ. ನೀವು ಬೇರೆ ಹುಡುಗೀರ ಸೀಟು ಹಿಡಿದುಕೊಂಡು ಓಡ್ತಿದ್ದಿರಿ. ಹತ್ತು ವರ್ಷ ಆದ ಮೇಲೆ ಮೊದಲನೇ ಸಲ ಗೆಳತಿಯ ಸೈಕಲ್ ಹತ್ತಿದಾಗ ಹಿಂದೆ ಹಿಡಿಯೋರು ಯಾರೂ ಇರಲಿಲ್ಲ. ಆದರೆ ಕಿವಿಯಲ್ಲಿ ನಿಮ್ಮ ಮಾತಿತ್ತು: ಚಕ್ರ ನೋಡಬೇಡ, ಮುಂದೆ ದೂರ ನೋಡು. ಅದನ್ನೇ ಹೇಳಿಕೊಂಡು ಕಲಿತೆ.’

ದ್ರೋಣರು ಕಲಿಸದೆಯೇ ಕಲಿತ ಏಕಲವ್ಯನ ಕಥೆಯನ್ನು ನಾವು ವಾಚಕರಿಗೆ ಹೇಳಬೇಕಾಗಿಲ್ಲ. ಕನ್ನಡಕ ಮಸುಕಾಯಿತು. ಒರೆಸಿಕೊಳ್ಳಲು ಕೈ ಬಿಟ್ಟೆವು; ಹಿಂದಿನ ಪೀಠದಲ್ಲಿ ಕೈ ಬಿಡಬಹುದು, ಅದೊಂದು ಅನುಕೂಲ. ‘ಸಿಟ್ಟು ಈಗಲೂ ಇದೆಯೋ?’ ಎಂದು ಕೇಳಿದೆವು. ‘ಈಗ ತುಳೀರಿ’ ಎಂದಳು. ಅದು ಇಲ್ಲವೆಂಬ ಉತ್ತರವೋ ಅಲ್ಲವೋ ನಾವು ನಿರ್ಧರಿಸಲಾರೆವು. ಕೇಳಿದ್ದಕ್ಕೆಲ್ಲ ಆ ಹೊತ್ತೇ ಉತ್ತರ ಬರಬೇಕೆಂಬುದು ಪರೀಕ್ಷೆಯ ನಿಯಮ, ಸಂಸಾರದ್ದಲ್ಲ.

ಯಲಹಂಕ ಸೇರಿದಾಗ ಸಂಜೆ ಐದು ದಾಟಿತ್ತು. ಮನೆಯವರು ಹಂಡೆಯಲ್ಲಿ ನೀರು ಕಾಯಿಸಿ, ಹಿತಕಿದ ಬೇಳೆಯ ಸಾರು ಮಾಡಿಟ್ಟು ಬಾಗಿಲಲ್ಲೇ ನಿಂತಿದ್ದರು. ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಮುರಿದದ್ದೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ‘ಹೆಚ್ಚು ತುಳಿದವರು ಯಾರು?’ ಎಂದು ಕೇಳಿದರು. ಲೆಕ್ಕ ಹಾಕಿ ನೋಡಿದೆವು, ತಿಳಿಯಲಿಲ್ಲ. ಒಂದೇ ಚೈನಿಗೆ ಬಿಗಿದ ಕಾಲುಗಳಲ್ಲಿ ಯಾರದು ಎಷ್ಟೆಂದು ಬೇರ್ಪಡಿಸುವುದು ಹೇಗೆ? ‘ನಾವು ತುಳಿದೆವು’ ಎಂದೆವು. ನಮ್ಮ ಮೂವತ್ತು ವರ್ಷದ ‘ನಾವು’ ಅದೆಂದು ಮನೆಯವರು ತಿಳಿದು ಮುಖ ಸಿಂಡರಿಸಿದರು. ಮಗಳು ಮಾತ್ರ ನಕ್ಕಳು. ಅವಳಿಗೆ ಎಂಟನೆಯ ತರಗತಿಯಲ್ಲಿ ದ್ವಿವಚನವನ್ನು ಕಲಿಸಿದವರು ನಾವೇ.

ಸೈಕಲ್ಲನ್ನು ಗೆಳತಿಗೆ ಹಿಂದಿರುಗಿಸಿದ್ದಾಯಿತು. ಮಾಘದಲ್ಲಿ ಮತ್ತೊಮ್ಮೆ ಎರವಲು ತಂದೆವು. ಈಗ ತಿಂಗಳಿಗೊಂದು ಭಾನುವಾರ ಹೊರಡುವ ರೂಢಿಯಾಗಿದೆ. ನಮ್ಮ ಕಣ್ಣಿನ ಓಣಿ ಮುಂದೆ ಇನ್ನಷ್ಟು ಕಿರಿದಾದೀತೆಂದು ವೈದ್ಯರು ಮುಚ್ಚಿಟ್ಟಿಲ್ಲ. ಆದರೆ ಆ ಓಣಿಯ ನಟ್ಟನಡುವೆ ಮಗಳ ಬೆನ್ನು ಕಾಣುತ್ತದೆ. ಅಷ್ಟು ಕಂಡರೆ ದಾರಿ ನಡೆಯುತ್ತದೆ. ಮಕ್ಕಳು ಏನನ್ನಾದರೂ ಕೇಳಿ ಎರಡನೆಯ ಸಲ ಕೇಳದೆ ಸುಮ್ಮನಾಗಿದ್ದರೆ, ಈ ಲೇಖನವನ್ನು ಓದುವ ತಂದೆತಾಯಿಗಳು ತಾವೇ ಎರಡನೆಯ ಸಲ ಆ ಮಾತನ್ನು ಎತ್ತಲಿ. ನಮಗೆ ಹತ್ತೊಂಬತ್ತು ವರ್ಷ ಹಿಡಿಯಿತು. ಲ್ಯಾಟಿನ್ನಿನವರ ಮಾತಿನಲ್ಲಿ ಹೇಳುವುದಾದರೆ, ಟ್ಯಾಂಡಮ್: ಕೊನೆಗೂ, ಬಹುಕಾಲದ ಮೇಲೆ.